ಮೇದೋಜೀರಕದ ಉರಿಯೂತ ಮತ್ತು ರಕ್ತದ ಪ್ಲೇಟ್‌ಲೆಟ್‌ಗಳು

ಪ್ಲೇಟ್‌ಲೆಟ್ ಎಂಬ ಶಬ್ದ ಈಗ ನಮ್ಮ ಮನೆಮನೆಗೂ ಪರಿಚಿತ. ಮಳೆಗಾಲದಲ್ಲಿ ಡೆಂಗಿ ಜ್ವರ ಬಂತೆಂದರೆ 'ಕೌಂಟ್ ಎಷ್ಟು?' ಎಂಬುದೇ ಮೊದಲ ಪ್ರಶ್ನೆ. ಆದರೆ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದವರ ರಕ್ತಪರೀಕ್ಷೆಯಲ್ಲೂ ಈ ಲೆಕ್ಕ ಇಳಿದುದನ್ನು ಕಂಡರೆ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ. ನಮ್ಮ ಹಿರಿಯರಲ್ಲಿ ಅನೇಕರಿಗೆ ಎರಡೂ ಅರ್ಧಂಬರ್ಧ. ಆದುದರಿಂದ ಮೇದೋಜೀರಕದ ಉರಿಯೂತಕ್ಕೂ ಈ ಕಣಗಳಿಗೂ ಇರುವ ನಂಟನ್ನು ನಮ್ಮ ಭಾಷೆಯಲ್ಲೇ ತಿಳಿದುಕೊಳ್ಳುವುದು ಉಚಿತ.

ಮೇದೋಜೀರಕವು ಜಠರದ ಹಿಂದೆ ಅಡ್ಡಲಾಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಗ್ರಂಥಿ. ಇನ್ಸುಲಿನ್‌ನೊಂದಿಗೆ ಆಹಾರವನ್ನು ಅರಗಿಸುವ ರಸವನ್ನೂ ಅದು ತಯಾರಿಸುತ್ತದೆ. ಆ ರಸದ ಟ್ರಿಪ್ಸಿನ್ ಮಾಂಸವನ್ನೇ ಕರಗಿಸಬಲ್ಲದು. ಆದುದರಿಂದಲೇ ಅದು ಗ್ರಂಥಿಯೊಳಗೆ ನಿಷ್ಕ್ರಿಯವಾಗಿದ್ದು, ಕರುಳಿಗೆ ಇಳಿದ ಬಳಿಕವಷ್ಟೇ ಚುರುಕಾಗುತ್ತದೆ. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಬಂದರೆ, ಮದ್ಯಪಾನ ಅತಿಯಾದರೆ, ಅಥವಾ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತ ಏರಿದರೆ ಈ ವ್ಯವಸ್ಥೆ ಕೆಡುತ್ತದೆ. ರಸವು ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಈ ರೋಗದಲ್ಲಿ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆಂದು ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1896ರಲ್ಲೇ ಹೇಳಿದ್ದರು.

ಇನ್ನು ಪ್ಲೇಟ್‌ಲೆಟ್‌ಗಳ ವಿಷಯ. ಒಂದು ಮೈಕ್ರೊಲೀಟರ್ ರಕ್ತದಲ್ಲಿ ಇವು ಸಾಧಾರಣವಾಗಿ ಒಂದೂವರೆಯಿಂದ ನಾಲ್ಕೂವರೆ ಲಕ್ಷದಷ್ಟಿರುತ್ತವೆ. ಇವುಗಳ ಆಯುಸ್ಸು 7ರಿಂದ 10 ದಿನ. ರಕ್ತ ಹೆಪ್ಪುಗಟ್ಟುವುದರಲ್ಲಿ ಇವುಗಳ ಪಾತ್ರವನ್ನು 1880ರ ದಶಕದ ಆದಿಯಲ್ಲಿ ಇಟಲಿಯ ಜೂಲಿಯೊ ಬಿಡ್ಜೊಜೆರೊ ತೋರಿಸಿಕೊಟ್ಟರು. ಗಾಯ ಮುಚ್ಚುವುದಷ್ಟೇ ಇವುಗಳ ಕಸುಬೆಂದು ಬಹುಕಾಲ ತಿಳಿಯಲಾಗಿತ್ತು.

ಸಂಗತಿ ಅಷ್ಟಕ್ಕೇ ಮುಗಿಯುವುದಿಲ್ಲ. ಉರಿಯೂತವೆದ್ದ ಗ್ರಂಥಿಯ ಸೂಕ್ಷ್ಮ ರಕ್ತನಾಳಗಳಲ್ಲಿ ಇವು ಕೆರಳಿ, ತಮ್ಮೊಳಗಿನ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಪಿ-ಸೆಲೆಕ್ಟಿನ್ ಎಂಬ ಅಂಟುವ ಪ್ರೋಟೀನನ್ನು ಮೈಮೇಲೆ ಹೊರತರುತ್ತವೆ. ಈ ಕರೆಗೆ ಓಗೊಟ್ಟ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ನಾಳದ ಗೋಡೆ ದಾಟಿ ಗ್ರಂಥಿಗೆ ನುಗ್ಗುತ್ತವೆ. ರೋಗಾಣುಗಳನ್ನು ಹಿಡಿಯಲು ಇವು ತಮ್ಮದೇ ಡಿ.ಎನ್.ಎ. ಎಳೆಗಳನ್ನು ಬಲೆಯಂತೆ ಬೀಸುತ್ತವೆಂಬುದು 2004ರಲ್ಲಿ ಬೆಳಕಿಗೆ ಬಂತು. ಮೇದೋಜೀರಕದಲ್ಲಿ ಈ ಬಲೆ ಟ್ರಿಪ್ಸಿನನ್ನು ಮತ್ತಷ್ಟು ಚುರುಕುಗೊಳಿಸಿ ಹಾನಿ ಹೆಚ್ಚಿಸುತ್ತದೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಪ್ಲೇಟ್‌ಲೆಟ್‌ಗಳನ್ನು ಮೊದಲೇ ತೆಗೆದ ಇಲಿಗಳಲ್ಲಿ ಬಿಳಿಕಣಗಳ ಮುತ್ತಿಗೆಯೂ ಗ್ರಂಥಿಯ ಹಾನಿಯೂ ಕಡಿಮೆಯಾಗಿದ್ದವು.

ಹಾಗಾದರೆ ಕೌಂಟ್ ಇಳಿಯುವುದೇಕೆ? ರೋಗ ಉಲ್ಬಣಿಸಿದಾಗ ಸಣ್ಣಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅಲ್ಲಿ ಈ ಕಣಗಳು ವ್ಯಯವಾಗುತ್ತವೆ. ಅಂದರೆ ಇಲ್ಲಿ ಇಳಿದ ಲೆಕ್ಕವು ಮೂಲ ರೋಗವಲ್ಲ, ಒಳಗಿನ ಉರಿ ಜೋರಾಗಿರುವುದರ ಸೂಚನೆ. ಮನೆಯಿಂದ ಪಪ್ಪಾಯಿ ಎಲೆಯ ರಸ ತಂದು ಕುಡಿಸಿದರೆ ಆ ಉರಿ ಆರದು. ಕಣಗಳೇ ಉರಿಗೆ ಗಾಳಿ ಹಾಕುತ್ತವೆಂದ ಮೇಲೆ ಆಸ್ಪಿರಿನ್ ನುಂಗಬಾರದೇ ಎಂದು ಕೆಲವರು ಕೇಳಬಹುದು. ಸ್ವಂತ ಬುದ್ಧಿಯಿಂದ ಖಂಡಿತ ಕೂಡದು. ಇಲಿಗಳಲ್ಲಿ ಕಂಡದ್ದು ಮನುಷ್ಯರ ಚಿಕಿತ್ಸೆಯಾಗಿ ಇನ್ನೂ ಒಪ್ಪಿತವಾಗಿಲ್ಲ. ರಕ್ತಸ್ರಾವದ ಅಪಾಯವೂ ಇದೆ. ಹಾಗೆಯೇ ಹೃದ್ರೋಗಕ್ಕೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಲೂ ಬಾರದು.

ಹಿತವಾದ ಪ್ರಮಾಣದಲ್ಲಿ ಡ್ರಿಪ್, ನೋವು ಶಮನ, ತಾಳಿಕೊಳ್ಳುವಂತಾದೊಡನೆ ಆಹಾರ, ಕಲ್ಲಿದ್ದರೆ ಅದಕ್ಕೆ ಪರಿಹಾರ: ಇಂದಿನ ಚಿಕಿತ್ಸೆಯ ತಿರುಳು ಇಷ್ಟು. ಹೆಚ್ಚಿನ ರೋಗಿಗಳಲ್ಲಿ ಕಾಯಿಲೆ ಸೌಮ್ಯವಾಗಿದ್ದು ವಾರದೊಳಗೆ ಗುಣವಾಗುತ್ತದೆ. ಉಲ್ಬಣಿಸಿದರೆ ಮಾತ್ರ ಪ್ರಾಣಕ್ಕೇ ಸಂಚಕಾರ.

ಮೇಲ್ಹೊಟ್ಟೆಯಲ್ಲಿ ಹಠಾತ್ತನೆ ಎದ್ದು ಬೆನ್ನಿಗೆ ಹರಿಯುವ ನೋವು, ಜೊತೆಗೆ ವಾಂತಿ ಕಂಡುಬಂದಲ್ಲಿ ವಾಯುವೆಂದು ಜೀರಿಗೆ ಕಷಾಯ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. ಕಾಸರಗೋಡಿಗಾಗಲಿ, ತಲಪಾಡಿ ದಾಟಿ ಮಂಗಳೂರಿಗಾಗಲಿ, ಹತ್ತಿರವಿರುವ ಆಸ್ಪತ್ರೆಗೆ ಅಂದೇ ರಾತ್ರಿ ಹೊರಡಿ. ಚೀಟಿಯಲ್ಲಿರುವುದು ಅರ್ಥವಾಗದಿದ್ದರೆ ಸಂಕೋಚಪಡದೆ ಮತ್ತೊಮ್ಮೆ ಕೇಳಿ. ತನ್ನ ಕಾಯಿಲೆ ಏನೆಂದು ತಿಳಿಯುವುದು ರೋಗಿಯ ಹಕ್ಕು. ಅದನ್ನು ತಿಳಿಯುವಂತೆ ಹೇಳುವುದು ವೈದ್ಯರ ಕರ್ತವ್ಯ.