ಪದಗಳ ಸಂಕಲನ: ಬೆಲೆ ಕಟ್ಟುವುದು ಹೇಗೆ?

ದಾಸರ ಪದ, ತತ್ವಪದ, ಮೊಹರಂ ಪದ ಮೂರೂ ಒಂದೇ ನೆಲದಲ್ಲಿ ಬೇರುಬಿಟ್ಟ ಸೀಮೆ ರಾಯಚೂರು. ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಮಾನ್ವಿ ಈ ಜಿಲ್ಲೆಯವೇ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಮೊಹರಂ ಬಂತೆಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲದ ಕಥೆಯನ್ನು ಕನ್ನಡದಲ್ಲಿ ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. ಇಂಥ ಪದಗಳನ್ನು ಆಯ್ದು ಒಂದೆಡೆ ಸೇರಿಸಿದ ಸಂಕಲನಗಳು ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿ.ಡಿ.ಯಲ್ಲಿ ಬಂದವು. ಈಗ ಮೊಬೈಲಿನಲ್ಲೇ ಸಿಗುತ್ತವೆ. ಆದರೆ ಯಾವುದು ಉಳಿಸಿಕೊಳ್ಳತಕ್ಕದ್ದು, ಯಾವುದು ಒಮ್ಮೆ ಕೇಳಿ ಬಿಡತಕ್ಕದ್ದು ಎಂಬುದನ್ನು ಹಾಡುಗಾರನ ಕಂಠವೊಂದೇ ನಿರ್ಧರಿಸುವುದಿಲ್ಲ.

ಐರ್ಲೆಂಡಿನ ಉದಾಹರಣೆಯೊಂದನ್ನು ಇಲ್ಲಿ ನೆನೆಯಬಹುದು. ಅಮೆರಿಕದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ 1951ರಲ್ಲಿ ಆ ದೇಶದಲ್ಲಿ ಧ್ವನಿಮುದ್ರಣ ಯಂತ್ರ ಹೊತ್ತು ತಿರುಗಿದರು. ಜೊತೆಗಿದ್ದವರು ಅಲ್ಲಿಯವರೇ ಆದ ಪೈಪ್ ವಾದಕ, ಸಂಗ್ರಾಹಕ ಶೇಮಸ್ ಎನ್ನಿಸ್. ಅದರ ಫಲವಾಗಿ 1955ರಲ್ಲಿ ಕೊಲಂಬಿಯಾ ಸಂಸ್ಥೆ ಐರ್ಲೆಂಡಿನ ಹಾಡು, ವಾದನಗಳ ಸಂಕಲನವನ್ನು ಹೊರತಂದಿತು. ಸ್ಟುಡಿಯೋದ ನಯ ಅದರಲ್ಲಿಲ್ಲ. ಆದರೂ ಅದು ಇಂದಿಗೂ ಆಕರವಾಗಿ ಉಳಿದಿರುವುದು ಹಾಡಿದವರು ಯಾರು, ಯಾವ ಊರಿನವರು ಎಂಬ ವಿವರ ಹಾಡಿನೊಡನೆ ಬಂದಿರುವುದರಿಂದ.

ನಮ್ಮ ಸಂಕಲನಗಳು ಬಹುಮಟ್ಟಿಗೆ ಸೋಲುವುದು ಇಲ್ಲಿಯೇ. ಹೊದಿಕೆಯ ಮೇಲೆ ದೇವರ ಚಿತ್ರ, ಸಂಸ್ಥೆಯ ಹೆಸರು, ಸಂಗೀತ ಸಂಯೋಜಕರ ಹೆಸರು ದಪ್ಪಕ್ಷರಗಳಲ್ಲಿ ಇರುತ್ತವೆ. ಹಾಡಿದವರು ‘ಮತ್ತು ಸಂಗಡಿಗರು’ ಆಗಿಬಿಡುತ್ತಾರೆ.

ಇನ್ನು ಹಾಡಿಗೆ ಹಾಕುವ ಕತ್ತರಿ. ಕ್ಯಾಸೆಟ್ಟಿನ ಒಂದು ಮಗ್ಗುಲು ಸಾಮಾನ್ಯವಾಗಿ 30 ನಿಮಿಷ, ಸಿ.ಡಿ. ಸುಮಾರು 74 ನಿಮಿಷ. ಎರಡು ಮೇಳಗಳು ಸವಾಲು ಜವಾಬಿನಲ್ಲಿ ಇರುಳೆಲ್ಲ ಹಾಡುವ ರಿವಾಯತನ್ನು ಇದರೊಳಗೆ ತುರುಕಲು ನುಡಿಗಳನ್ನು ಕಡಿಯಬೇಕಾಗುತ್ತದೆ. ಹೆಚ್ಚಾಗಿ ಬಲಿಯಾಗುವುದು ಕೊನೆಯ ನುಡಿ. ಕರ್ತೃವಿನ ಅಂಕಿತ ಇರುವುದು ಅಲ್ಲಿಯೇ! ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತ ಕಿವಿಗೆ ಬೀಳದಿದ್ದರೆ ಪದ ಮೂವರಲ್ಲಿ ಯಾರದೆಂದು ಸಾಮಾನ್ಯ ಕೇಳುಗ ಹೇಳಲಾರ. ತತ್ವಪದಕಾರರಲ್ಲಿ ಎಷ್ಟೋ ಮಂದಿಯ ಗುರುತೆಂದರೆ ಅಂಕಿತ ಮಾತ್ರ. ಆದ್ದರಿಂದ ಸಂಕಲನವೊಂದು ಕೈಗೆ ಬಂದಾಗ ಮೊದಲು ಪ್ರತಿ ಪದದ ಕೊನೆಯ ನುಡಿಯನ್ನು ಕೇಳಿ ನೋಡುವುದು ಒಳ್ಳೆಯ ಪರೀಕ್ಷೆ.

ಹಿಮ್ಮೇಳದ ವಿಷಯದಲ್ಲಿ ಅಭಿಪ್ರಾಯಭೇದ ಸಹಜ. 1990ರಲ್ಲಿ ತೆರೆಕಂಡ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ನೀಡಿದ ಸಿ. ಅಶ್ವಥ್ ಅವರು ಶರೀಫರ ಪದಗಳನ್ನು ನಗರದ ಮನೆಮನೆಗೆ ತಲುಪಿಸಿದರು. ಅದು ದೊಡ್ಡ ಕೆಲಸವೇ ಸರಿ. ಆದರೆ ಅದು ಹೊಸ ಸಂಯೋಜನೆ. ಏಕತಾರಿ, ದಮ್ಮಡಿ, ತಾಳಗಳೊಡನೆ ಮಠದ ಜಗುಲಿಯಲ್ಲಿ ನಡೆಯುವ ಭಜನೆಯ ದಾಖಲೆಯಲ್ಲ. ಕೀಬೋರ್ಡ್ ಸೇರಿಸಿದ ಮಾತ್ರಕ್ಕೆ ಸಂಕಲನ ಕೆಡದು. ಹಾಗೆ ಸೇರಿಸಿ ‘ಮೂಲ ಜಾನಪದ ಶೈಲಿ’ ಎಂದು ಅಚ್ಚು ಹಾಕಿದರೆ ಕೆಡುತ್ತದೆ. ಭಾಷೆಯನ್ನು ತಿದ್ದುವುದೂ ಇಂಥದೇ ತಪ್ಪು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯ ಪದಗಳಲ್ಲಿ ಉರ್ದು, ತೆಲುಗು ಮಾತುಗಳು ಕನ್ನಡದೊಂದಿಗೆ ಬೆರೆತಿವೆ. ಅವನ್ನು ಪಠ್ಯಪುಸ್ತಕದ ಕನ್ನಡಕ್ಕೆ ಒಗ್ಗಿಸಿದ ಮುದ್ರಣ ಕೇಳಲು ಶುದ್ಧವೆನಿಸಬಹುದು, ರಾಯಚೂರಿನದೆನಿಸದು.

ಹೆಸರಿಗೆ ಹಣದ ಲೆಕ್ಕವೂ ಉಂಟು. ಪದ ಪರಂಪರೆಯದಾದರೂ ಹಾಡಿದ ಕಲಾವಿದನಿಗೆ ಕೃತಿಸ್ವಾಮ್ಯ ಕಾಯಿದೆಯಡಿ ಪ್ರದರ್ಶಕನ ಹಕ್ಕು 50 ವರ್ಷ ಇರುತ್ತದೆ. ವಾಣಿಜ್ಯ ಬಳಕೆಯಾದಲ್ಲಿ ಗೌರವಧನ ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ನೀಡಿದೆ. ಆದರೆ ‘ಸಂಗಡಿಗರು’ ಎಂದಷ್ಟೇ ದಾಖಲಾದ ಕೂಲಿಕಾರ ಹಾಡುಗಾರ, ಹಾಡಿದ್ದು ತಾನೇ ಎಂದು ಯಾವ ಕಾಗದ ತೋರಿಸಿ ಸಾಧಿಸಬೇಕು?

ಹೀಗಾಗಿ ಊರು, ಹೆಸರು, ವರ್ಷ, ಸಂದರ್ಭ ಬರೆದಿಟ್ಟ ಒರಟು ಮುದ್ರಣ, ಏನೂ ಬರೆಯದ ನಯವಾದ ಮುದ್ರಣಕ್ಕಿಂತ ಬೆಲೆಬಾಳುತ್ತದೆ. ಕ್ಯಾಸೆಟ್ಟಿನ ಕಾಂತೀಯ ಪಟ್ಟಿ ಶಾಶ್ವತವಲ್ಲ. ತೇವ, ಬಿಸಿಲು, ಬೂಷ್ಟಿಗೆ ಬೇಗ ಹಾಳಾಗುತ್ತದೆ. ಮನೆಯ ಅಟ್ಟದಲ್ಲಿ ಹಳೆಯ ಪದಗಳ ಕ್ಯಾಸೆಟ್ ಇದ್ದವರು ಎರಡೂ ಮಗ್ಗುಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಹೊದಿಕೆಯ ಕಾಗದದ ಚಿತ್ರವನ್ನೂ ತೆಗೆದಿಡಬೇಕು. ಅದರ ಮೇಲೆ ಹೆಸರಿಲ್ಲದಿದ್ದರೆ, ದನಿ ಗುರುತಿಸಬಲ್ಲ ಹಿರಿಯರು ಊರಲ್ಲಿ ಇರುವಾಗಲೇ ಕೇಳಿ ಬರೆದುಕೊಳ್ಳುವುದು ಒಳಿತು.