ಯಂತ್ರ ಹೇಳಿದ ಲೆಕ್ಕ, ಏಳನೇ ಇಯತ್ತೆಯ ಹುಡುಗಿ ತಿದ್ದಿದ ಲೆಕ್ಕ

ದುಧನಿ ಬಾಜಾರದ ನಮ್ಮ ಅಡತಿ ಅಂಗಡಿಯಲ್ಲಿ ಅವತ್ತು ತೊಗರಿಯ ತೂಕ ಮುಗಿದಿತ್ತು. ಚಹಾ ಬರುವ ತನಕ ಹರಟೆ. ಮಾಲು ತಂದಿದ್ದ ಹಿರಿಯ ರೈತರೊಬ್ಬರು ತಮ್ಮ ಮನೆಯ ಪಾಲಿನ ಮಾತು ತೆಗೆದರು. ಅಣ್ಣತಮ್ಮಂದಿರು ಮೂವರು, ಹೊಲ ಒಟ್ಟು 3 ಎಕರೆ 25 ಗುಂಟೆ. ಒಬ್ಬೊಬ್ಬರಿಗೆ ಎಷ್ಟು?

ನಮ್ಮ ಗುಮಾಸ್ತರು ಕನ್ನಡಕ ಹುಡುಕುತ್ತಿದ್ದಂತೆ ಇನ್ನೊಬ್ಬ ಗಿರಾಕಿ ಮೊಬೈಲ್ ತೆಗೆದರು. "ಕಾಗದ ಪೆನ್ನು ಯಾಕ್ರಿ ಯಜಮಾನ್ರ? ಈಗ ಎಐ ಬಂದದ. ಬಾಯಿಲೆ ಕೇಳ್ರಿ, ಬಾಯಿಲೆ ಹೇಳ್ತದ" ಎಂದು ಅಲ್ಲೇ ಕೇಳಿಬಿಟ್ಟರು. ಯಂತ್ರವೂ ಒಳ್ಳೆಯ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟಿತು. 3.25 ಎಕರೆಯನ್ನು ಮೂರರಿಂದ ಭಾಗಿಸಿದರೆ ಒಬ್ಬರಿಗೆ 1.083 ಎಕರೆ, ಅಂದರೆ 1 ಎಕರೆ 3 ಗುಂಟೆಗಿಂತ ತುಸು ಹೆಚ್ಚು. ಎಲ್ಲರೂ ತಲೆದೂಗಿದರು.

ನನ್ನ ತಮ್ಮನ ಮಗಳು ಮೂಲೆಯಲ್ಲಿ ಚೀಲದ ಮೇಲೆ ಕುಳಿತಿದ್ದಳು. ಊರಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ. ಮೆಲ್ಲಗೆ ಅಂದಳು: "ದೊಡ್ಡಪ್ಪಾ, ಇದು ತಪ್ಪದ. 25 ಗುಂಟೆ ಅಂದ್ರ ಪಾವ್ ಎಕರೆ ಅಲ್ಲ. ಪಾವ್ ಎಕರೆಗೆ ಹತ್ತೇ ಗುಂಟೆ."

ಪಾವತಿಯ ಹಿಂಬದಿಯಲ್ಲಿ ಅವಳೇ ಬರೆದು ತೋರಿಸಿದಳು. ಎಕರೆಗೆ 40 ಗುಂಟೆಯಂತೆ ಮೂರು ಎಕರೆಗೆ 120, ಮೇಲಿನ 25 ಸೇರಿ 145. ಮೂರು ಪಾಲು ಮಾಡಿದರೆ ಒಬ್ಬರಿಗೆ 48 ಗುಂಟೆ, ಉಳಿದ ಒಂದು ಗುಂಟೆಯಲ್ಲಿ ಮೂರನೇ ಒಂದು ಭಾಗ. ಅಂದರೆ 1 ಎಕರೆ 8 ಗುಂಟೆ ಮತ್ತು ಚೂರು. ಯಂತ್ರ ಹಂಚಿದ್ದು 130 ಗುಂಟೆ ಮಾತ್ರ. ಇನ್ನು 15 ಗುಂಟೆ ಹೊಲ ಎಲ್ಲಿ ಹೋಯಿತೋ ಆ ಯಂತ್ರಕ್ಕೇ ಗೊತ್ತು.

ಹಿರಿಯರು ನಕ್ಕರು. "ಒಂದು ಒಡ್ಡಿನ ಸಲುವಾಗಿ ಕೋರ್ಟಿಗೆ ಹೋದವರು ಇದ್ದಾರ. 15 ಗುಂಟೆ ಅಂದ್ರ ಮೂರು ತಲಿಮಾರಿನ ಜಗಳ ಆಗ್ತಿತ್ತು, ತಂಗಿ" ಅಂದರು.

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ನನಗೆ ಒಳಗೊಳಗೇ ಬೇರೆ ಚಿಂತೆ. ಈ ಹುಡುಗಿಯ ದಾಖಲಾ ತೆಗೆಸಿ, ಎಂಟನೇ ಇಯತ್ತೆಗೆ ಪಟ್ಟಣದ ಸೆಮಿ ಇಂಗ್ಲಿಷ್ ಶಾಲೆಗೆ ಹಾಕಬೇಕೆಂದು ತಮ್ಮ ಹಟ ಹಿಡಿದಿದ್ದ. ಅಲ್ಲಿ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ಕಾರಣ ಕೇಳಿದರೆ ಅವನು ಹೇಳಿದ್ದು ಇಷ್ಟು: "ಅಣ್ಣಾ, ಈಗ ಕಲಿಯೂದೆಲ್ಲಾ ಮೊಬೈಲಿನ್ಯಾಗ ಅದ. ನಮ್ಮ ಕನ್ನಡ ಶಾಳಿ ಹುಡುಗರಿಗೆ ಅದರಾಗ ಏನೈತಿ?"

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಎರಡೂ ಕಡೆಗೆ ಸೇರದ ಮಕ್ಕಳು

ಅಕ್ಕಲಕೋಟ, ಜತ್ತ ತಾಲ್ಲೂಕುಗಳ ಕನ್ನಡ ಶಾಲೆಯ ಮಕ್ಕಳು ಓದುವುದು ಕನ್ನಡದಲ್ಲಿ, ಆದರೆ ಮಹಾರಾಷ್ಟ್ರದ ಪಠ್ಯಕ್ರಮ. 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿ ಸಂಸ್ಥೆ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಹೊರತರುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಪುಸ್ತಕ ಒಂದೇ ದಾರಿಯಾಗಿದ್ದ ಕಾಲದಲ್ಲಿ ಇದು ಸಾಕಾಗಿತ್ತು. ನಾನೂ ಹೀಗೆಯೇ ಕಲಿತವನು.

ತೊಡಕು ಶುರುವಾದದ್ದು ಪುಸ್ತಕದ ಹೊರಗೆ ಕಲಿಕೆ ಬೆಳೆದಾಗ. 2017ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರದ 'ದೀಕ್ಷಾ' ವೇದಿಕೆ ಬಂತು. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಕಾಣಿಸಿಕೊಂಡಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆಗೆ ಬೀಗ ಬಿದ್ದಾಗ ಮೊಬೈಲೇ ಶಾಲೆಯಾಯಿತು. ನಮ್ಮ ಮನೆಯಲ್ಲಿದ್ದದ್ದು ಒಂದೇ ದೊಡ್ಡ ಮೊಬೈಲ್. ಅದು ಬೆಳಿಗ್ಗೆ ತಮ್ಮನ ಕಿಸೆಯಲ್ಲಿ ಹೊಲಕ್ಕೆ ಹೋದರೆ ಸಂಜೆಗೇ ಮರಳುವುದು.

ಮೊಬೈಲ್ ಕೈಗೆ ಬಂದಾಗಲೂ ಕಷ್ಟ ತೀರಲಿಲ್ಲ. ಕನ್ನಡದಲ್ಲಿ ಹುಡುಕಿದರೆ ನಮಗೆ ಸಿಕ್ಕ ಪಾಠಗಳು ಹೆಚ್ಚಾಗಿ ಕರ್ನಾಟಕದ ಪುಸ್ತಕದವು. ನಮ್ಮ ಪುಸ್ತಕದ ಪಾಠ ಹುಡುಕಿದರೆ ಹೆಚ್ಚಾಗಿ ಸಿಕ್ಕದ್ದು ಮರಾಠಿಯಲ್ಲಿ. ಒಂದರಲ್ಲಿ ಭಾಷೆ ನಮ್ಮದು, ಪಾಠ ಬೇರೆ. ಇನ್ನೊಂದರಲ್ಲಿ ಪಾಠ ನಮ್ಮದು, ಭಾಷೆ ಬೇರೆ.

ಶಬ್ದಗಳ ಗೋಜಲು ಬೇರೆ. ಕರ್ನಾಟಕದ ಪಾಠದಲ್ಲಿ 'ಭಿನ್ನರಾಶಿ' ಎನ್ನುವುದಕ್ಕೆ ಮರಾಠಿಯಲ್ಲಿ 'ಅಪೂರ್ಣಾಂಕ'. ಅಲ್ಲಿ 'ಲ.ಸಾ.ಅ.', ಮರಾಠಿಯಲ್ಲಿ 'ಲ.ಸಾ.ವಿ.' ಅಲ್ಲಿ 'ರೇಖಾಗಣಿತ', ಮರಾಠಿಯಲ್ಲಿ 'ಭೂಮಿತಿ'. ನಾವು ವ್ಯಾಪಾರಸ್ಥರು ಎರಡು ಭಾಷೆಯನ್ನೂ ಒಂದೇ ಉಸಿರಿನಲ್ಲಿ ಆಡುತ್ತೇವೆ. ಆದರೆ ಹನ್ನೆರಡರ ಮಗು ಪರೀಕ್ಷೆಯ ಹಿಂದಿನ ರಾತ್ರಿ ಲ.ಸಾ.ಅ. ಮತ್ತು ಲ.ಸಾ.ವಿ. ಒಂದೇನೋ ಬೇರೆಯೋ ಎಂದು ಕೇಳಿದರೆ, ಹೇಳಲು ಮನೆಯಲ್ಲಿ ಎಷ್ಟು ಮಂದಿ ಇದ್ದಾರೆ?

ಪರಿತೇವಾಡಿಯ ಮಾತು

ಈ ಸಂಕಟಕ್ಕೆ ಪರಿಹಾರ ಇದೆ ಎಂಬುದನ್ನು ತೋರಿಸಿದವರು ನಮ್ಮ ಸೋಲಾಪುರ ಜಿಲ್ಲೆಯ ಮರಾಠಿ ಶಿಕ್ಷಕರೇ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ರಣಜಿತಸಿಂಹ ಡಿಸಲೆ ಅವರಿಗೆ 2020ರ ಡಿಸೆಂಬರಿನಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಪ್ರಶಸ್ತಿಯ ಮೊತ್ತ 10 ಲಕ್ಷ ಡಾಲರ್. ಅದರಲ್ಲಿ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಪತ್ರಿಕೆಗಳಲ್ಲಿ ಇದೇ ದೊಡ್ಡ ಸುದ್ದಿಯಾಯಿತು.

ನಮಗೆ ಮುಖ್ಯವಾದ ಸಂಗತಿ ಬೇರೆ. ಪ್ರಶಸ್ತಿ ಕೊಟ್ಟ ವಾರ್ಕಿ ಫೌಂಡೇಶನ್ ಹೇಳಿರುವಂತೆ, ಆ ಶಾಲೆಯ ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಬೇರೆ ಭಾಷೆಯದು. ಡಿಸಲೆಯವರು ಊರಿನಲ್ಲಿ ನಿಂತು ಕನ್ನಡ ಕಲಿತರು. ಒಂದರಿಂದ ನಾಲ್ಕನೇ ಇಯತ್ತೆಯ ಪಾಠಗಳನ್ನು ಕನ್ನಡಕ್ಕೆ ತಂದರು. ಹಾಡು, ಕಥೆ, ಪಾಠದ ವಿಡಿಯೊಗಳನ್ನು ಕ್ಯೂಆರ್ ಕೋಡಿಗೆ ಜೋಡಿಸಿದರು.

ಕ್ಯೂಆರ್ ಕೋಡನ್ನು ಯಾರು ಬೇಕಾದರೂ ಅಂಟಿಸಬಹುದು. ಆ ಚೌಕದ ಹಿಂದೆ ಮಗುವಿನ ಮಾತು ಇರಬೇಕೆಂದು ಕಂಡುಕೊಂಡದ್ದು ಯಂತ್ರವಲ್ಲ, ಮಾಸ್ತರರು. ಕನ್ನಡ ಬಾರದ ಒಬ್ಬ ಶಿಕ್ಷಕರು ಮಕ್ಕಳಿಗಾಗಿ ಕನ್ನಡ ಕಲಿತದ್ದು ಗಡಿಯ ಎರಡೂ ಬದಿಯವರು ನೆನಪಿಡಬೇಕಾದ ಮಾತು.

ಕಾಸರಗೋಡಿನಲ್ಲಿ ನಡೆದದ್ದು

ಒಬ್ಬ ಶಿಕ್ಷಕರು ಮಾಡಿದ್ದನ್ನು ಸರಕಾರವೇ ಕೈಗೆತ್ತಿಕೊಂಡರೆ ಏನಾಗಬಹುದು? ಅದಕ್ಕೆ ಕೇರಳದ ಕಡೆ ನೋಡಬೇಕು. 2020ರ ಜೂನ್ 1ರಂದು ಕೇರಳವು 'ಫಸ್ಟ್ ಬೆಲ್' ಎಂಬ ದೂರದ ಪಾಠಗಳನ್ನು ಶುರು ಮಾಡಿತು. ಮುಂದೆ ಕನ್ನಡ ಮತ್ತು ತಮಿಳು ಮಾಧ್ಯಮದ ಮಕ್ಕಳಿಗೂ ಪಾಠಗಳು ತಯಾರಾದವು. 2024ರಲ್ಲಿ ಏಳನೇ ತರಗತಿಯ ಹೊಸ ಕಂಪ್ಯೂಟರ್ ಪುಸ್ತಕದಲ್ಲಿ ಕೃತಕ ಬುದ್ಧಿಮತ್ತೆಯ ಪಾಠವೇ ಸೇರಿತು. ಮುಖಭಾವ ಗುರುತಿಸುವ ಪ್ರೋಗ್ರಾಮನ್ನು ಮಕ್ಕಳೇ ಮಾಡಿ ನೋಡುವ ಚಟುವಟಿಕೆ ಅದರಲ್ಲಿದೆ. ಆ ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲಿಯೂ ಬಂದಿದೆ. ನಮ್ಮ ಹುಡುಗಿಯ ಓರಗೆಯ ಕಾಸರಗೋಡಿನ ಮಗು ಎಐ ಎಂದರೇನೆಂದು ಕನ್ನಡದಲ್ಲಿ ಓದಬಲ್ಲದು.

ಹಾಗೆಂದು ಅಲ್ಲಿ ಎಲ್ಲವೂ ನೆಟ್ಟಗಿದೆ ಎಂದಲ್ಲ. ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸುತ್ತಾರೆಂದು ಅಲ್ಲಿಯ ಕನ್ನಡಿಗರು ಹಲವು ಸಲ ಬೀದಿಗಿಳಿದಿದ್ದಾರೆ. ಕನ್ನಡದ ಪುಸ್ತಕ ಮುಂದಿದ್ದು, ಅದನ್ನು ಓದಿ ಹೇಳುವ ಗುರುಗಳಿಗೆ ಕನ್ನಡ ಬಾರದಿದ್ದರೆ ಆ ಮಗುವಿನ ಗತಿ ಏನು?

ಯಂತ್ರ ಏನು ಕೊಟ್ಟಿತು, ಎಲ್ಲಿ ಎಡವಿತು

ತಮ್ಮನ ಪ್ರಶ್ನೆಗೆ ಉತ್ತರ ಹುಡುಕಬೇಕೆಂದು ನಾನು ಮತ್ತು ಮಗಳು ಒಂದು ಭಾನುವಾರ ಕುಳಿತೆವು. ಮರಾಠಿ ವಿಜ್ಞಾನ ಪುಸ್ತಕದ ಒಂದು ಪುಟದ ಫೋಟೊ ತೆಗೆದು, "ಇದನ್ನ ಕನ್ನಡದಾಗ ತಿಳಿಸಿ ಹೇಳು" ಎಂದೆವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪುಟವಿಡೀ ಕನ್ನಡವಾಯಿತು. ತಿಳಿಯಲಿಲ್ಲವೆಂದರೆ ಮತ್ತೊಮ್ಮೆ ಹೇಳಿತು. ಹತ್ತು ಸಲ ಕೇಳಿದರೂ ಬೇಸರವಿಲ್ಲ, ಬೈಗುಳವಿಲ್ಲ. ನನ್ನ ಕಾಲದಲ್ಲಿ ಇಂಥದ್ದು ಬೇಕಾಗಿದ್ದರೆ ಎರಡೂ ಭಾಷೆ ಬಲ್ಲ ಗುರುಗಳ ಮನೆಗೆ ಕಂದೀಲು ಹಿಡಿದು ಹೋಗಬೇಕಿತ್ತು. ಗಡಿನಾಡಿನ ಮಗುವಿಗೆ ಇದು ಸಣ್ಣ ಲಾಭವಲ್ಲ.

ಮರುದಿನ ಅದನ್ನು ಶಾಲೆಯ ಗುರುಗಳಿಗೆ ತೋರಿಸಿದೆವು. ಅವರು ಓದಿ ಒಂದು ಶಬ್ದದ ಕೆಳಗೆ ಗೆರೆ ಎಳೆದರು. ಮರಾಠಿಯ 'ಉಷ್ಣತಾ' ಎಂಬುದನ್ನು ಯಂತ್ರ 'ಉಷ್ಣತೆ' ಎಂದೇ ಇಟ್ಟಿತ್ತು. ಮರಾಠಿಯಲ್ಲಿ ಅದು ಶಾಖ. ಕನ್ನಡದಲ್ಲಿ ಉಷ್ಣತೆ ಅಂದರೆ 'ಇವತ್ತು 40 ಡಿಗ್ರಿ' ಎನ್ನುವ ತಾಪಮಾನದ ಅರ್ಥವೂ ಬರುತ್ತದೆ. "ಶಾಖ ಬ್ಯಾರೆ, ತಾಪಮಾನ ಬ್ಯಾರೆ ಅಂತ ಹೇಳೂದ ಈ ಪಾಠದ ಉದ್ದೇಶ. ಅಲ್ಲೇ ಕಾಲು ಜಾರ್ಯದ ನೋಡ್ರಿ" ಅಂದರು ಗುರುಗಳು.

ಹೀಗೇಕೆ? ಈ ಯಂತ್ರಗಳು ಕೋಟ್ಯಂತರ ಪುಟಗಳನ್ನು ಓದಿಸಿಕೊಂಡು, ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ವಾಡಿಕೆ ಎಂಬುದನ್ನು ಕಲಿತವು. ಇಂಗ್ಲಿಷಿನ ಪುಟಗಳು ಸಾಗರದಷ್ಟು, ಕನ್ನಡದವು ಕೆರೆಯಷ್ಟು. ಆ ಕೆರೆಯಲ್ಲೂ ನಮ್ಮ ಗಡಿಯ ಮಾತು ಒಂದು ಬೊಗಸೆ. ನಮ್ಮ ಹಳೆಯ ಕನ್ನಡ ಕಡತಗಳಲ್ಲಿ ಬಹಳಷ್ಟು ಯೂನಿಕೋಡ್ ಅಲ್ಲದ ಅಕ್ಷರದಲ್ಲಿವೆ. ನಾವು ಓದಬಹುದು, ಯಂತ್ರಕ್ಕೆ ಅದು ಬರೀ ಗೀಚು. ಕೆಲಸವಂತೂ ನಡೆದಿದೆ. 2022ರಲ್ಲಿ ಕೇಂದ್ರದ 'ಭಾಷಿಣಿ' ಯೋಜನೆ ಬಂತು. 2023ರಲ್ಲಿ ಮದ್ರಾಸ್ ಐಐಟಿಯ ತಂಡ 22 ಭಾರತೀಯ ಭಾಷೆಗಳ ಅನುವಾದ ಯಂತ್ರವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು.

ಇನ್ನೊಂದು ಗುಣವನ್ನೂ ಅವತ್ತು ಕಂಡೆವು. ಎಕರೆಗೆ 40 ಗುಂಟೆ ಎಂದು ಮಗಳು ನೆನಪಿಸಿದ ಕೂಡಲೇ ಯಂತ್ರ ಕ್ಷಮೆ ಕೇಳಿ ಲೆಕ್ಕ ಸರಿ ಮಾಡಿತು. ಸುಮ್ಮನೆ ಪರೀಕ್ಷೆಗೆಂದು ನಾನು "ಅಲ್ಲ, ಎಕರೆಗೆ 30 ಗುಂಟೆ" ಎಂದೆ. ಅದಕ್ಕೂ ಕ್ಷಮೆ ಕೇಳಿ 30ರ ಲೆಕ್ಕ ಹಿಡಿಯಿತು. ಬಾಜಾರದಲ್ಲಿ ಎಲ್ಲದಕ್ಕೂ "ಹೌದ್ರಿ ಸಾವಕಾರ್ರ" ಅನ್ನುವ ದಲಾಲಿಯನ್ನು ನಾವು ನಂಬುತ್ತೇವೆಯೇ? ಇದೂ ಹಾಗೆಯೇ. ಗೊತ್ತಿದ್ದವನ ಕೈಯಲ್ಲಿ ಜಾಣ ಆಳು, ಗೊತ್ತಿಲ್ಲದವನಿಗೆ ಹದಿನೈದು ಗುಂಟೆಯ ನಷ್ಟ.

ನಾವು ಮಾಡಬೇಕಾದದ್ದು

ನನ್ನ ಭಯ ಯಂತ್ರದ್ದಲ್ಲ. "ಮೊಬೈಲೇ ಎಲ್ಲಾ ಭಾಷೆ ಆಡ್ತದ, ಕನ್ನಡ ಮಾಸ್ತರ ಯಾಕ ಬೇಕು?" ಎನ್ನುವ ಮಾತು ನಾಳೆ ಕಚೇರಿಯ ಕಡತದಲ್ಲಿ ಬಂದರೆ ಎಂಬ ಭಯ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಭಾಷಾವಾರು ರಾಜ್ಯಗಳಾದ 1956ರಲ್ಲಿಯೇ ಸೇರಿದ ವಿಧಿ ಅದು. ಮೊಬೈಲ್ ಬಂದಿತೆಂದು ಆ ಹೊಣೆ ಇಳಿಯುವುದಿಲ್ಲ.

ಮಹಾರಾಷ್ಟ್ರ ಸರಕಾರ ತನ್ನ ಮರಾಠಿ ಪಾಠಗಳನ್ನು ಇದೇ ಯಂತ್ರಗಳಿಂದ ಕನ್ನಡಕ್ಕೆ ತರಿಸಿ, ಇಲ್ಲಿಯ ಕನ್ನಡ ಶಿಕ್ಷಕರಿಂದ ತಿದ್ದಿಸಬಹುದು. ಮೊದಲಿನಂತೆ ವರ್ಷಗಟ್ಟಲೆ ಹಿಡಿಯುವ ಕೆಲಸವಲ್ಲ. ಹೊರನಾಡಿನ ಕನ್ನಡ ಶಾಲೆಗಳಿಗೆ ನೆರವಾಗುವ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಕಟ್ಟಡದ ಜೊತೆಗೆ ಒಂದು ಶಬ್ದಕೋಶಕ್ಕೂ ಹಣ ಇಡಬಹುದು. ಪಾಠದ ಮರಾಠಿ ಶಬ್ದ ಒಂದು ಕಡೆ, ಕನ್ನಡದ್ದು ಇನ್ನೊಂದು ಕಡೆ. ಅದು ಮಕ್ಕಳಿಗೂ ಬೇಕು, ಯಂತ್ರಕ್ಕೂ ಬೇಕು.

ಪಾಲಕರಾದ ನಾವು? ಮಗು ಮೊಬೈಲಿನಲ್ಲಿ ಉತ್ತರ ತೆಗೆದರೆ, "ಪಾಟಿ ಮ್ಯಾಲೆ ಮಾಡಿ ತೋರ್ಸು" ಎನ್ನಬೇಕು. ಅಷ್ಟು ಸಾಕು. ಮಗ್ಗಿ ಬಾಯಿಗೆ ಬಂದಿರಲಿ. ಅವತ್ತು ಅಂಗಡಿಯಲ್ಲಿ ಹೊಲ ಉಳಿಸಿದ್ದು ಮಗ್ಗಿ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಆ ಪಾವತಿಯ ಚೀಟಿ ತಿರುವಿ ತಿರುವಿ ನೋಡಿದ. "ದಾಖಲಾ ಈ ವರ್ಷ ತಗಸೂದಿಲ್ಲ ಅಣ್ಣಾ. ಆದ್ರ ಒಂದು ಮಾತು. ಮುಂದಿನ ವರ್ಷ ಸಾಲ್ಯಾಗ ಗಣಿತಕ್ಕ ಕನ್ನಡ ಮಾಸ್ತರ ಇರದಿದ್ರ, ನನಗೇನೂ ಅನಬ್ಯಾಡ" ಅಂದ.

ನ್ಯಾಯವಾದ ಮಾತು. ಅವನಿಗೆ ನಾನು ಉತ್ತರ ಕೊಡಲಾರೆ. ಉತ್ತರ ಕೊಡಬೇಕಾದವರು ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ಕುಳಿತಿದ್ದಾರೆ. ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಬಾರಿಸುವ ಮುಂಚೆ ಅವರಿಗೆ ಇದು ಕೇಳಿಸಲಿ.