ಮಾತು ಮುಗಿಯಿತೆ?



ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮ್ಮ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ. ಎರಡರಲ್ಲೂ ನಮ್ಮ ವ್ಯವಹಾರ ಸರಾಗ. ಕಟ್ಟೆಯ ಮೇಲೆ ಕುಳಿತು ಅರ್ಧ ಮಾತಾಡಿದರೂ ಎದುರಿನವರು ಮುಖ ನೋಡಿ ಉಳಿದದ್ದನ್ನು ತಿಳಿದುಕೊಳ್ಳುತ್ತಾರೆ. ಆದರೆ ಉತ್ತರಪತ್ರಿಕೆ ಓದುವವರಿಗೆ ಬರೆದವರ ಮುಖ ಕಾಣುವುದಿಲ್ಲ. ವಿಷಯ ಗೊತ್ತಿದ್ದ ಮಕ್ಕಳೂ ವಾಕ್ಯ ಮುಗಿಸದೆ ಅಂಕ ಕಳೆದುಕೊಳ್ಳಬಹುದು. ಅಪೂರ್ಣ ವಾಕ್ಯವನ್ನು ಗುರುತಿಸಿ ತಿದ್ದುವ ಬಗೆಯನ್ನು ಇಂದು ತಿಳಿಯೋಣ.

ಈ ವಾಕ್ಯ ನೋಡಿರಿ: ‘1956ರ ನವೆಂಬರ್ 1ರಂದು ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು.’ ಇಲ್ಲಿಗೆ ನಿಲ್ಲಿಸಿದರೆ ‘ಮುಂದೇನಾಯಿತು?’ ಎಂದು ಯಾರಾದರೂ ಕೇಳುತ್ತಾರೆ. ‘ಬೇರ್ಪಟ್ಟು’, ‘ಹೋಗಿ’, ‘ಮಾಡುತ್ತ’, ‘ಬಂದರೆ’ ಇವೆಲ್ಲ ಇನ್ನೊಂದು ಕ್ರಿಯಾಪದದ ದಾರಿ ಕಾಯುವ ರೂಪಗಳು. ‘ಬೇರ್ಪಟ್ಟು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು’ ಎಂದು ಬರೆದರೆ ವಾಕ್ಯ ಪೂರ್ಣ.

ಇನ್ನೊಂದು: ‘1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಮನೆ ಕಳೆದುಕೊಂಡ ಕಿಲ್ಲಾರಿಯ ಜನರು.’ ಉದ್ದವಾಗಿರುವುದರಿಂದ ಪೂರ್ಣವೆಂದು ತೋರುತ್ತದೆ. ಆದರೆ ಯಾವ ಜನರು ಎಂಬುದಷ್ಟೇ ಇಲ್ಲಿ ತಿಳಿಯಿತು. ಅವರು ಏನು ಮಾಡಿದರೆಂಬುದು ಬರಲಿಲ್ಲ. ‘ಕಳೆದುಕೊಂಡ’ ಎಂಬುದು ಜನರಿಗೆ ವಿಶೇಷಣ. ‘ಜನರು ಹೊಸ ಜಾಗಕ್ಕೆ ಸ್ಥಳಾಂತರಗೊಂಡರು’ ಎಂದು ಮುಗಿಸಬೇಕು.

‘ಏಕೆಂದರೆ’ ಬಂದಾಗಲೂ ಎಚ್ಚರ ಬೇಕು. ‘2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದರು. ಏಕೆಂದರೆ ಬರಗಾಲದ ಕಾರಣದಿಂದ.’ ಇದರಲ್ಲಿ ಎರಡನೆಯದು ತುಂಡು ವಾಕ್ಯ. ‘ಏಕೆಂದರೆ ಅಲ್ಲಿ ಬರಗಾಲವಿತ್ತು’ ಎನ್ನಿರಿ. ಇಲ್ಲವೆ ‘ಬರಗಾಲದ ಕಾರಣ ಲಾತೂರಿಗೆ ರೈಲಿನಲ್ಲಿ ನೀರು ತಂದರು’ ಎಂದು ಒಂದೇ ವಾಕ್ಯ ಮಾಡಿರಿ.

ಹಾಗೆಂದು ಕ್ರಿಯಾಪದವಿಲ್ಲದ ವಾಕ್ಯಗಳೆಲ್ಲ ಅಪೂರ್ಣವಲ್ಲ. ‘ಉದಗೀರ ಕೋಟೆಯ ಊರು.’ ಕನ್ನಡದಲ್ಲಿ ಇದು ಪೂರ್ಣ ವಾಕ್ಯ. ಮರಾಠಿಯಲ್ಲಿ ಇಂಥ ವಾಕ್ಯದ ಕೊನೆಗೆ ‘ಆಹೆ’ ಬರುತ್ತದೆ. ಆ ರೂಢಿಯಿಂದ ನಮ್ಮ ಮಕ್ಕಳು ‘ಕೋಟೆಯ ಊರು ಇದೆ’ ಎಂದು ಬರೆದುಬಿಡುತ್ತಾರೆ. ಅಲ್ಲಿ ‘ಇದೆ’ ಬೇಡ. ‘ಉದಗೀರದಲ್ಲಿ ಕೋಟೆ ಇದೆ’ ಎನ್ನುವಾಗ ಬೇಕು. ಮರಾಠಿ ಬರೆಯುವಾಗ ಮಾತ್ರ ‘ಆಹೆ’ ಮರೆಯಬಾರದು. ಎರಡು ಭಾಷೆ ಬಲ್ಲವರು ಎರಡರ ಪದ್ಧತಿಯನ್ನೂ ಬೇರೆಬೇರೆಯಾಗಿ ಕಾಯ್ದುಕೊಳ್ಳಬೇಕು.

ಪಾಲಕರೆ, ನಿಮಗೆ ಓದುಬರಹ ಬಾರದಿದ್ದರೂ ಈ ಪರೀಕ್ಷೆ ಮಾಡಬಲ್ಲಿರಿ. ಮಗುವಿಗೆ ತನ್ನ ಉತ್ತರವನ್ನು ಗಟ್ಟಿಯಾಗಿ ಓದಲು ಹೇಳಿರಿ. ಪ್ರತಿ ವಾಕ್ಯದ ಕೊನೆಗೆ, ಕಥೆ ಕೇಳುವಾಗ ಅನ್ನುವಂತೆ, ‘ಹೂಂ’ ಅನ್ನಿರಿ. ‘ಹೂಂ’ ಅನ್ನಲಾಗದೆ ‘ಮುಂದ?’ ಎಂದು ಕೇಳಬೇಕೆನಿಸಿದರೆ ಆ ವಾಕ್ಯವನ್ನು ತಿದ್ದಿಸಿರಿ.